ಸ್ಮರಣೆಯ ಜೆರ್ಸಿ: ಅಭಿಮಾನಿಗಳು ಯಾವುದನ್ನ ಒಪ್ತಾರೆ, ಯಾವುದನ್ನ ಒಪ್ಪಲ್ಲ? ಪ್ರಿಂಟ್ ಹಾಕಿಸುವ ಮುನ್ನ ಇದನ್ನ ಓದಿ

ಹೊಸರಿತ್ತಿ: ಊರಾಗ ಟೂರ್ನಿ ಅಂದ್ರ ಆಟಕ್ಕಿಂತ ಮೊದಲು ಶುರುವಾಗೋದು ಜೆರ್ಸಿಯ ಚರ್ಚೆ. ಬಣ್ಣ ಯಾವುದು, ಎದಿ ಮ್ಯಾಲೆ ಯಾರ ಹೆಸರು, ರೊಕ್ಕ ಕೊಟ್ಟ ಅಂಗಡಿಯವರ ಹೆಸರು ಎಷ್ಟು ದೊಡ್ಡದಿರಬೇಕು? ಎಲ್ಲರಿಗೂ ಒಂದೊಂದು ಅಭಿಪ್ರಾಯ. ಇದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಕ್ರಿಕೆಟ್, ಕಬಡ್ಡಿ ತಂಡಗಳ ಜಗಳ ಮಾತ್ರ ಅಲ್ಲ. ಜಗತ್ತಿನ ದೊಡ್ಡ ಫುಟ್‌ಬಾಲ್ ಕ್ಲಬ್‌ಗಳಲ್ಲೂ ಅಭಿಮಾನಿಗಳು ಇದೇ ವಿಷಯಕ್ಕೆ ಬೀದಿಗಿಳಿದಿದ್ದಾರೆ. ಅವರ ಅನುಭವದಿಂದ ನಮ್ಮ ತಂಡಗಳೂ, ಪ್ರಿಂಟಿಂಗ್ ಅಂಗಡಿಯವರೂ ಕಲಿಯೋದು ಸಾಕಷ್ಟಿದೆ.

ಏನಿದು ಸ್ಮರಣೆಯ ಜೆರ್ಸಿ?

ತಂಡದ ಮಾಮೂಲಿ ಜೆರ್ಸಿ ಬಿಟ್ಟು, ಒಂದು ಘಟನೆ ಅಥವಾ ವ್ಯಕ್ತಿಗಳ ನೆನಪಿಗಾಗಿ ಒಂದೆರಡು ಪಂದ್ಯಕ್ಕೆ ಮಾತ್ರ ಧರಿಸುವ ಜೆರ್ಸಿ ಇದು. ಕ್ಲಬ್‌ಗಳಿಗೆ ಇದರಿಂದ ಮಾರಾಟದ ಲಾಭವೂ ಉಂಟು. ಅಭಿಮಾನಿಗಳ ಪ್ರಶ್ನೆ ಶುರುವಾಗೋದು ಅಲ್ಲೇ: ಇದು ನಿಜವಾದ ನೆನಪೋ, ಮತ್ತೊಂದು ಅಂಗಿ ಮಾರುವ ದಾರಿಯೋ?

ಎಲ್ಲರೂ ಒಪ್ಪಿದ ಅಂಗಿ

1958ರ ಫೆಬ್ರವರಿ 6ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ವಿಮಾನ ಅಪಘಾತವಾಗಿ 23 ಮಂದಿ ತೀರಿಕೊಂಡರು. ಅವರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ 8 ಆಟಗಾರರಿದ್ದರು. 50 ವರ್ಷದ ನಂತರ, 2008ರ ಫೆಬ್ರವರಿ 10ರಂದು, ಅದೇ ಊರಿನ ಎದುರಾಳಿ ಮ್ಯಾಂಚೆಸ್ಟರ್ ಸಿಟಿ ವಿರುದ್ಧದ ಪಂದ್ಯಕ್ಕೆ ಯುನೈಟೆಡ್ ಆಟಗಾರರು 1958ರ ಮಾದರಿಯ ಸರಳ ಕೆಂಪು ಅಂಗಿ ಹಾಕಿಕೊಂಡು ಬಂದರು. ಎದೆಯ ಮೇಲೆ ಪ್ರಾಯೋಜಕರ ಹೆಸರಿಲ್ಲ. ಬೆನ್ನ ಮೇಲೆ 1ರಿಂದ 11ರವರೆಗಿನ ನಂಬರ್ ಮಾತ್ರ. ಸಿಟಿ ತಂಡ ಕೂಡ ಪ್ರಾಯೋಜಕರ ಹೆಸರು ತೆಗೆದೇ ಆಡಿತು. ಪಂದ್ಯದಲ್ಲಿ ಯುನೈಟೆಡ್ 2-1ರಿಂದ ಸೋತಿತು. ಆದರೆ ಜನ ಇಂದಿಗೂ ನೆನೆಯೋದು ಆ ಅಂಗಿಯನ್ನ.

ಯಾರೂ ಒಪ್ಪದ ಕೆಂಪು

ವೇಲ್ಸ್ ದೇಶದ ಕಾರ್ಡಿಫ್ ಸಿಟಿ ಕ್ಲಬ್‌ನ ಬಣ್ಣ ನೀಲಿ. ಅಡ್ಡಹೆಸರೇ 'ನೀಲಿ ಹಕ್ಕಿಗಳು'. 2012ರಲ್ಲಿ ಮಲೇಷ್ಯಾದ ಮಾಲೀಕರು ಕೆಂಪು ಶುಭ ಅಂತ ಜೆರ್ಸಿಯನ್ನ ಕೆಂಪು ಮಾಡಿಸಿದರು. ತಂಡ ಆ ಋತುವಿನಲ್ಲೇ ಮೇಲಿನ ಲೀಗ್‌ಗೆ ಏರಿತು. ಆದರೂ ಅಭಿಮಾನಿಗಳು ಸುಮ್ಮನಾಗಲಿಲ್ಲ, ಪ್ರತಿಭಟನೆ ಮಾಡುತ್ತಲೇ ಇದ್ದರು. 2015ರ ಜನವರಿಯಲ್ಲಿ ಕ್ಲಬ್ ಮತ್ತೆ ನೀಲಿಗೆ ಮರಳಿತು. ಗೆದ್ದರೂ ಬಣ್ಣ ಕಳಕೊಳ್ಳಲು ಅಭಿಮಾನಿ ತಯಾರಿರಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಕೋಲ್ಕತ್ತಾದ ಹಸಿರು-ಮರೂನ್

ನಮ್ಮ ದೇಶದಲ್ಲಿ ಮೋಹನ್ ಬಾಗಾನ್ ಕಥೆ ದೊಡ್ಡದು. 1911ರ ಜುಲೈ 29ರಂದು ಈ ತಂಡ, ಬಹುತೇಕ ಬರಿಗಾಲಲ್ಲೇ ಆಡಿ, ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ತಂಡವನ್ನ 2-1ರಿಂದ ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದಿತು. ಹಸಿರು-ಮರೂನ್ ಬಣ್ಣ ಅಲ್ಲಿನವರಿಗೆ ಅಂದಿನ ನೆನಪು.

2020ರಲ್ಲಿ ಈ ತಂಡ ಎಟಿಕೆ ಜೊತೆ ಸೇರಿ 'ಎಟಿಕೆ ಮೋಹನ್ ಬಾಗಾನ್' ಆಯಿತು. ಬಣ್ಣ ಹಾಗೇ ಉಳಿಯಿತು. ಆದರೆ ಹೆಸರಿನ ಮುಂದೆ ಕೂತ ಮೂರಕ್ಷರ ಅಭಿಮಾನಿಗಳಿಗೆ ಚುಚ್ಚಿತು. ವರ್ಷಗಟ್ಟಲೆ ಹೋರಾಡಿದರು. 2023ರ ಮಾರ್ಚ್ 18ರಂದು ಗೋವಾದಲ್ಲಿ ನಡೆದ ಐಎಸ್ಎಲ್ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನ ಪೆನಾಲ್ಟಿಯಲ್ಲಿ ಸೋಲಿಸಿದ ರಾತ್ರಿಯೇ 'ಎಟಿಕೆ' ತೆಗೆಯುವುದಾಗಿ ಮಾಲೀಕರು ಘೋಷಿಸಿದರು. ಎರಡು ತಿಂಗಳ ನಂತರ, ಮೇ 20ರಂದು, ಅದೇ ಮಾಲೀಕರ ಐಪಿಎಲ್ ತಂಡ ಲಖನೌ ಈಡನ್ ಗಾರ್ಡನ್ಸ್‌ನಲ್ಲಿ ಹಸಿರು-ಮರೂನ್ ಜೆರ್ಸಿಯಲ್ಲೇ ಆಡಿತು.

ಆರ್‌ಸಿಬಿ ಹಸಿರು: ಶಕುನವೋ, ಸಂದೇಶವೋ?

ನಮ್ಮ ಮಂದಿಗೆ ಹೆಚ್ಚು ಪರಿಚಯ ಇರೋದು ಆರ್‌ಸಿಬಿಯ ಹಸಿರು ಜೆರ್ಸಿ. ಪರಿಸರ ಜಾಗೃತಿಗಾಗಿ 2011ರಿಂದ ಇದು ನಡೆದು ಬಂದಿದೆ. "ಹಸಿರು ಹಾಕಿದ್ರ ಸೋಲು ಗ್ಯಾರಂಟಿ" ಅಂತ ಚಹಾದಂಗಡಿಯಲ್ಲಿ ವಾದ ಮಾಡೋರಿದ್ದಾರೆ. ದಾಖಲೆ ಹೇಳೋದು ಬೇರೆ. 2016ರ ಮೇ 14ರಂದು ಇದೇ ಹಸಿರಿನಲ್ಲಿ ಕೊಹ್ಲಿ, ಡಿವಿಲಿಯರ್ಸ್ ಇಬ್ಬರೂ ಶತಕ ಹೊಡೆದು ಗುಜರಾತ್ ಲಯನ್ಸ್ ವಿರುದ್ಧ 144 ರನ್‌ನಿಂದ ಗೆಲ್ಲಿಸಿದ್ದರು. 2024ರ ಏಪ್ರಿಲ್ 21ರಂದು ಕೋಲ್ಕತ್ತಾದಲ್ಲಿ 1 ರನ್‌ನಿಂದ ಸೋಲು. 2025ರ ಏಪ್ರಿಲ್ 13ರಂದು ಜೈಪುರದಲ್ಲಿ 9 ವಿಕೆಟ್ ಗೆಲುವು. ಸೋಲು-ಗೆಲುವು ಅಂಗಿಯಲ್ಲಿಲ್ಲ. ಆದರೆ ಜೆರ್ಸಿ ಯಾಕೆ ಹಾಕಿದ್ದಾರೆ ಅನ್ನೋದು ಗೊತ್ತಿಲ್ಲದಿದ್ದರೆ ಜನ ಶಕುನವನ್ನೇ ಮಾತಾಡ್ತಾರೆ.

ಹೊಸರಿತ್ತಿಗೆ ಬಂದರೆ

ಇಷ್ಟರಿಂದ ತಿಳಿಯೋದು ಒಂದೇ: ನೆನಪು ಊರಿನದೇ ಆಗಿರಬೇಕು, ಜಾಹೀರಾತು ಅದರ ಮೇಲೆ ಕೂರಬಾರದು.

ವರದಾ ದಂಡೆಯ ಹೊಸರಿತ್ತಿಗೆ ಅಂಥ ನೆನಪಿಗೆ ಕೊರತೆಯಿಲ್ಲ. 1943ರ ಏಪ್ರಿಲ್ 1ರಂದು ಬ್ರಿಟಿಷರ ಕಂದಾಯದ ಹಣ ವಶಪಡಿಸಿಕೊಳ್ಳುವ ಹೋರಾಟದಲ್ಲಿ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇದೇ ಊರಲ್ಲಿ ಹುತಾತ್ಮರಾದರು. ಮಹಾದೇವಪ್ಪನವರು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು, ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದವರು. ಏಪ್ರಿಲ್ ಹೊತ್ತಿಗೆ ಟೂರ್ನಿ ಇಟ್ಟುಕೊಳ್ಳುವ ತಂಡವೊಂದು ಖಾದಿಯ ಬಿಳಿ ಬಣ್ಣದ ಮೇಲೆ ಮೂವರ ಹೆಸರು, '1-4-1943' ಎಂಬ ತಾರೀಖು ಇಷ್ಟೇ ಹಾಕಿಸಿದರೂ ನೋಡಿದ ಹುಡುಗ "ಇದೇನು ತಾರೀಖು?" ಅಂತ ಕೇಳ್ತಾನೆ. ಆ ಪ್ರಶ್ನೆ ಹುಟ್ಟಿದರೆ ಜೆರ್ಸಿ ತನ್ನ ಕೆಲಸ ಮಾಡಿದಂತೆ. ಅದೇ ಹೆಸರುಗಳ ಮೇಲೆ ಐದು ಅಂಗಡಿಯ ಲೋಗೊ ಕೂತರೆ ಯಾರೂ ಕೇಳೋದಿಲ್ಲ. ಪ್ರಾಯೋಜಕರ ಹೆಸರು ತೋಳಿಗೋ, ಬೆನ್ನ ಕೆಳಗೋ ಹೋಗಲಿ. ರೊಕ್ಕ ಕೊಟ್ಟವರಿಗೆ ಮೊದಲೇ ಹೇಳಿಬಿಟ್ಟರೆ ಮನಸ್ತಾಪ ಇರಲ್ಲ.

ಆರ್ಡರ್ ಕೊಡುವ ಮುನ್ನ

* ರಾಷ್ಟ್ರಧ್ವಜ ಬೇಡ: ದೇಶಪ್ರೇಮ ಅಂತ ಧ್ವಜವನ್ನೇ ಬಟ್ಟೆ ಮೇಲೆ ಮುದ್ರಿಸುವುದು 1971ರ ರಾಷ್ಟ್ರ ಗೌರವ ಅವಮಾನ ತಡೆ ಕಾಯ್ದೆ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಧ್ವಜದ ಮೇಲೆ ಅಕ್ಷರ ಬರೆಯುವಂತೆಯೂ ಇಲ್ಲ.

* ದೊಡ್ಡ ತಂಡಗಳ ಲೋಗೊ ನಕಲು ಬೇಡ: ನೋಂದಾಯಿತ ಗುರುತನ್ನ ಅನುಮತಿಯಿಲ್ಲದೆ ಮುದ್ರಿಸಿದರೂ, ಅಂಥ ಮಾಲು ಮಾರಿದರೂ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಅಂಗಡಿಯವರು ಇದನ್ನ ಲಘುವಾಗಿ ತಗೋಬಾರದು.

* ಬಟ್ಟೆ ನೋಡಿ: ಸಬ್ಲಿಮೇಷನ್ ಪ್ರಿಂಟ್ ಹಿಡಿಯೋದು ಪಾಲಿಯೆಸ್ಟರ್ ಮೇಲೆ. ಶಾಖಕ್ಕೆ ಬಣ್ಣ ಆವಿಯಾಗಿ ನೂಲಿನೊಳಗೆ ಸೇರುತ್ತದೆ. ಹತ್ತಿ ಬಟ್ಟೆಗೆ ಸ್ಕ್ರೀನ್ ಪ್ರಿಂಟ್‌ನಂಥ ಬೇರೆ ವಿಧಾನ ಬೇಕು.

* ಅಕ್ಷರ ಪರೀಕ್ಷಿಸಿ: ನುಡಿ, ಬರಹದಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರ್‌ನಲ್ಲಿ ಒಡೆಯುತ್ತದೆ. 'ಹೊಸರಿತ್ತಿ'ಯ ಒತ್ತು ಜಾರಿದರೆ ಊರ ಹೆಸರೇ ತಪ್ಪು. ಅಕ್ಷರವನ್ನ ಚಿತ್ರರೂಪಕ್ಕೆ ಬದಲಿಸಿ ಕಳಿಸಿ. ಹುತಾತ್ಮರ ಹೆಸರನ್ನ ಇಬ್ಬರು ಓದಿ ನೋಡಲಿ.

* ಬಣ್ಣದ ಸ್ಯಾಂಪಲ್ ಕೇಳಿ: ಮೊಬೈಲಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯಂತೆ ಕಾಣುವ ಕಡುಗೆಂಪು, ಬಟ್ಟೆ ಮೇಲೆ ಕಂದು ಆಗಬಹುದು. ಮೊದಲು ಒಂದು ತುಂಡಿನ ಮೇಲೆ ತೆಗೆಸಿ, ಬಿಸಿಲಿನಲ್ಲಿ ನೋಡಿ, ಆಮೇಲೆ ಉಳಿದದ್ದಕ್ಕೆ ಒಪ್ಪಿಗೆ ಕೊಡಿ.

ಟೂರ್ನಿ ಎರಡು ದಿನದಲ್ಲಿ ಮುಗಿಯುತ್ತದೆ. ಜೆರ್ಸಿಯನ್ನ ಹುಡುಗರು ಹೊಲಕ್ಕೂ, ಸಂತೆಗೂ, ಜಾತ್ರೆಗೂ ವರ್ಷಗಟ್ಟಲೆ ಹಾಕಿಕೊಂಡು ತಿರುಗ್ತಾರೆ. ಅದರ ಮೇಲೆ ಏನು ಬರೀಬೇಕು ಅನ್ನೋದನ್ನ ಒಂದು ಸಂಜೆ ಕೂತು ನಿರ್ಧರಿಸಿದರೆ ನಷ್ಟವೇನಿಲ್ಲ.