ಖರ್ಚಿಲ್ಲದೆ ಸಂಕ್ರಾಂತಿಗೆ ಮನೆ ಸಿಂಗಾರ

ಧನುರ್ಮಾಸದ ಚಳಿ ಶುರುವಾಯಿತೆಂದರೆ ನಮ್ಮ ಬನ್ನೂರಿನ ಕಡೆ ಹೆಂಗಸರಿಗೆ ಪುರುಸೊತ್ತಿಲ್ಲ. ಗದ್ದೆಯಲ್ಲಿ ಭತ್ತದ ಕುಯ್ಲು, ಆಲೆಮನೆಯಿಂದ ಬೆಲ್ಲದ ವಾಸನೆ, ಸಂತೆಯಲ್ಲಿ ಸೊಗಡಿನ ಅವರೆಕಾಯಿ. ಇದರ ನಡುವೆ ಸಂಕ್ರಾಂತಿ ಬಂದೇ ಬಿಡುತ್ತದೆ. "ಹಬ್ಬಕ್ಕೆ ಮನೆ ಸಿಂಗರಿಸಬೇಕು, ಕೈಯಲ್ಲಿ ಕಾಸಿಲ್ಲವಲ್ಲ" ಎಂದು ನೀವೂ ಒಮ್ಮೆಯಾದರೂ ಅಂದುಕೊಂಡಿರುತ್ತೀರಿ. ನಾನೂ ಅಂದುಕೊಂಡವಳೇ.

ಹೋದ ವರ್ಷದ ಮಾತು. ಮಗಳ ಮದುವೆಯಾದ ಮೇಲೆ ಅದೇ ಮೊದಲ ಸಂಕ್ರಾಂತಿ. ಅಳಿಯಂದಿರ ಜತೆ ಬೀಗರೂ ಮೈಸೂರಿನಿಂದ ಬರುತ್ತೇವೆಂದು ಹೇಳಿದ್ದರು. ನಮಗೋ ಕಡಿದು ಕಳಿಸಿದ ಕಬ್ಬಿನ ಹಣ ಇನ್ನೂ ಕೈಸೇರಿರಲಿಲ್ಲ. ಬಣ್ಣ ಹೊಡೆಯುವವನು ಹೇಳಿದ ಲೆಕ್ಕ ಕೇಳಿ ನಮ್ಮ ಯಜಮಾನರು ಮಾತಾಡದೆ ಎದ್ದು ಹೋದರು. ಮಳೆಗಾಲದಲ್ಲಿ ತೇವ ಹಿಡಿದು ಕಲೆಗಟ್ಟಿದ್ದ ಗೋಡೆಯನ್ನೇ ನೋಡುತ್ತ ಪಡಸಾಲೆಯಲ್ಲಿ ಕೂತಿದ್ದೆ. ಅಡಿಗೆಮನೆಯಿಂದ ನಮ್ಮತ್ತೆ ಅಂದರು: "ನೋಡ್ಕೊಂಡು ಕೂತ್ರೆ ಗೋಡೆ ಬೆಳ್ಳಗಾದದೇನವ್ವಾ? ಸುಣ್ಣ ತರಿಸು."

ಅಂದಿನಿಂದ ಹಬ್ಬದವರೆಗೆ ನಾವಿಬ್ಬರೂ ಮಾಡಿದ್ದನ್ನು ಇಲ್ಲಿ ಹೇಳುತ್ತೇನೆ. ಇದರಲ್ಲಿ ನಿಮಗೆ ಗೊತ್ತಿಲ್ಲದ್ದು ಕಡಿಮೆಯೇ ಇರಬಹುದು. ಆದರೂ ಒಮ್ಮೆ ಓದಿ.

ಮೊದಲು ಗೋಡೆ

ಸುಣ್ಣವನ್ನು ಹಿಂದಿನ ದಿನವೇ ನೀರಿಗೆ ಹಾಕಿ ನೆನೆಯಲು ಬಿಡಿ. ಸುಟ್ಟ ಸುಣ್ಣದ ಕಲ್ಲು ನೀರು ಕಂಡೊಡನೆ ಕುದಿಯುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಬಕೀಟು ಬೇಡ, ಹಳೆಯ ಡಬ್ಬ ಇರಲಿ. ಮಕ್ಕಳನ್ನು ಹತ್ತಿರ ಬಿಡಬೇಡಿ, ಕಣ್ಣಿಗೆ ಸಿಡಿದರೆ ಅಪಾಯ. ಮಾರನೆಯ ದಿನ ತೆಳುಬಟ್ಟೆಯಲ್ಲಿ ಸೋಸಿ, ಬಕೀಟಿಗೆ ಎರಡು ಹಿಡಿ ಉಪ್ಪು, ಒಂದು ಪಾವು ತೆಳುವಾದ ಅಕ್ಕಿಗಂಜಿ ಸೇರಿಸಿ. ಹೀಗೆ ಮಾಡಿದರೆ ಒರಗಿದವರ ಬೆನ್ನಿಗೆ ಸುಣ್ಣ ಹತ್ತುವುದು ಕಡಿಮೆ. ಚಿಟಿಕೆ ಬಟ್ಟೆನೀಲಿ ಹಾಕಿದರೆ ಗೋಡೆ ಇನ್ನೂ ಬೆಳ್ಳಗೆ ಕಾಣುತ್ತದೆ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಬಳಿಯುವುದು ಮೇಲು. ಎಣ್ಣೆಬಣ್ಣ ಹೊಡೆಸಿದ ಗೋಡೆಗೆ ಮಾತ್ರ ಸುಣ್ಣ ಹಿಡಿಯುವುದಿಲ್ಲ. ಅಂಥ ಗೋಡೆಯನ್ನು ಸೋಪಿನ ನೀರಿನಲ್ಲಿ ಒರೆಸಿದರೆ ಸಾಕು.

ಗೋಡೆಯ ಬುಡಕ್ಕೆ ಗೇಣು ಅಗಲ ಕೆಮ್ಮಣ್ಣು ಬಳಿದು, ಅದರ ಮೇಲಂಚಿಗೆ ಬಿಳಿಯ ಎಳೆ ಎಳೆಯಿರಿ. ಕೆಸರಿನ ಕಲೆಯೂ ಮುಚ್ಚುತ್ತದೆ, ನೋಟವೂ ಚೆಂದ.

ಬಾಗಿಲು

ಮಾವಿನ ಎಲೆ ಆರಿಸುವಾಗ ಒಂದೇ ಅಳತೆಯವನ್ನು ತೆಗೆಯಿರಿ, ತೋರಣ ಎದ್ದು ಕಾಣುವುದು ಅದರಿಂದಲೇ. ಚೆಂಡುಹೂವನ್ನು ಹಿಂದಿನ ಸಂಜೆಯೇ ಪೋಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಬೆಳಗಿನ ಗಡಿಬಿಡಿ ತಪ್ಪುತ್ತದೆ. ತೆನೆಯಿರುವ ಭತ್ತದ ಹುಲ್ಲು ಒಂದು ಹಿಡಿ ಸಿಕ್ಕರೆ ಗೊಂಚಲು ಕಟ್ಟಿ ಬಾಗಿಲ ಪಕ್ಕ ತೂಗುಬಿಡಿ. ಹಬ್ಬ ಮುಗಿದ ಮೇಲೂ ಹಕ್ಕಿಗಳು ಬಂದು ತಿಂದುಹೋಗುತ್ತವೆ. ಎರಡು ಕಬ್ಬಿನ ಜಲ್ಲೆಗಳನ್ನು ಸೋಗೆ ಸಮೇತ ಎರಡೂ ಕಡೆ ಕಟ್ಟಿ, ಮೇಲೆ ತುದಿ ಕೂಡಿಸಿದರೆ ಅದೇ ಮಂಟಪ.

ಅಂಗಡಿಯ ಥರ್ಮೋಕೋಲ್ ಅಲಂಕಾರ ನೋಡಿ ಮರುಳಾಗಬೇಡಿ. ಅಲಂಕಾರದ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಿದ್ದಾರೆ. ಅದು ಚರಂಡಿ ಸೇರಿದರೆ ಕರಗುವುದಿಲ್ಲ. ನಮ್ಮ ಮಾವಿನೆಲೆ ಒಣಗಿದರೆ ನೀರೊಲೆಗಾದರೂ ಆಗುತ್ತದೆ.

ಒಳಮನೆ

ಹಿತ್ತಾಳೆ ಚೊಂಬುಗಳನ್ನು ಹುಣಿಸೆಹಣ್ಣು ಹಾಕಿ ಉಜ್ಜಿ, ನೀರು ತುಂಬಿ ಸೇವಂತಿಗೆ ಇಟ್ಟರೆ ಬೇರೆ ಹೂದಾನಿ ಬೇಡ. ಹರಿದ ಸೀರೆಯ ಗಟ್ಟಿ ಅಂಚನ್ನು ಬಿಚ್ಚಿ, ಮಾಸಿದ ಪರದೆಯ ಕೆಳಗೆ ಹೊಲಿಯಿರಿ. ಎಳ್ಳು ಬೀರುವ ತಟ್ಟೆಗಳಿಗೆ ಬಾಳೆಎಲೆಯನ್ನು ದುಂಡಗೆ ಕತ್ತರಿಸಿ ಹಾಸಿದರೆ ಹಳೆಯ ಸ್ಟೀಲ್ ತಟ್ಟೆಯೂ ಹೊಸದರಂತೆ ಕಾಣುತ್ತದೆ. ಬಟ್ಟೆ, ಕಾಗದ ಯಾವುದೂ ದೀಪದ ಹತ್ತಿರ ಬೇಡ.

ರಂಗೋಲಿ

ಬಣ್ಣಕ್ಕೂ ಕಾಸು ಬೇಕಿಲ್ಲ. ಇಟ್ಟಿಗೆ ಕುಟ್ಟಿ ಜರಡಿ ಹಿಡಿದರೆ ಕೆಂಪು, ಇದ್ದಿಲಿನ ಪುಡಿ ಕಪ್ಪು, ಅರಿಶಿನ ಹಳದಿ. ನುಗ್ಗೆಸೊಪ್ಪನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿದರೆ ಹಸಿರು.

ಹೊಸದಾಗಿ ಕಲಿಯುವವರು 7ರಿಂದ 4ರ ಸಂದುಚುಕ್ಕಿ ಇಡಿ. ನಡುವಿನ ಸಾಲಿಗೆ 7, ಅದರ ಮೇಲೂ ಕೆಳಗೂ 6, 5, 4. ಒಟ್ಟು 37 ಚುಕ್ಕಿ. ಕೈ ಕುದುರಿದ ಮೇಲೆ 15ರಿಂದ 8ಕ್ಕೆ ಹೋಗಿ. ಅದಕ್ಕೆ 169 ಚುಕ್ಕಿ ಬೇಕು. ಎಣಿಸಿ ನೋಡಿ, ಒಂದು ಕಡಿಮೆಯಾದರೂ ಎಳೆ ಕೂಡುವುದಿಲ್ಲ.

ಇನ್ನೊಂದು ಮಾತು ಹೇಳಬೇಕು. ನಮ್ಮತ್ತೆ ರಂಗೋಲಿಗೆ ಬೀದಿಗೆಲ್ಲ ಹೆಸರಾದವರು. ಪಕ್ಕದ ಸೋಮನಾಥಪುರದ ಕೇಶವ ದೇವಾಲಯ ನಿಂತಿರುವ ಜಗಲಿ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿದೆಯಲ್ಲ, ಅದನ್ನು ಎಳೆವಯಸ್ಸಿನಲ್ಲಿ ನೋಡಿಬಂದು ಚುಕ್ಕಿಯಲ್ಲಿ ಕೂಡಿಸಿದ್ದರು. ಮಾವನವರು ತೀರಿಕೊಂಡು ಎಂಟು ವರ್ಷ. ಆ ವರ್ಷದ ಹಬ್ಬದ ಬೆಳಗ್ಗೆ ಅವರು ರಂಗೋಲಿ ಬಟ್ಟಲು ಹಿಡಿದು ಬಾಗಿಲಿಗೆ ಬಂದರು. ನಾನು ಒಂದು ಮಾತೂ ಆಡದೆ ಬಟ್ಟಲನ್ನು ಅವರ ಕೈಯಿಂದ ತೆಗೆದುಕೊಂಡೆ. ಅವರೂ ಏನೂ ಅನ್ನಲಿಲ್ಲ, ಒಳಗೆ ಹೋದರು. ಆಮೇಲೆ ಯಾವ ಹಬ್ಬಕ್ಕೂ ಹೊಸ್ತಿಲಿನಾಚೆ ಬರಲಿಲ್ಲ. ಊರೆಲ್ಲ ಮಾಡುವುದನ್ನೇ ನಾನೂ ಮಾಡಿದೆ ಎಂದು ಸಮಾಧಾನ ಹೇಳಿಕೊಂಡಿದ್ದೆ.

ಹೋದ ಸಂಕ್ರಾಂತಿಯ ಬೆಳಗಿನ ಜಾವ ಅಂಗಳ ಸಾರಿಸಿ 15 ಚುಕ್ಕಿಗೆ ಕೂತೆ. ಎರಡು ಸಲ ಅಳಿಸಿದೆ, ಎಳೆ ಕೂಡಲಿಲ್ಲ. ಬೀಗರು ಏಳುವ ಹೊತ್ತಾಗಿತ್ತು. ಬಾಗಿಲ ಹಿಂದಿನಿಂದ ಅತ್ತೆಯ ದನಿ: "ಹನ್ನೊಂದರ ಸಾಲಲ್ಲಿ ಒಂದು ಬಿಟ್ಟಿದ್ದೀಯೆ ಕಣವ್ವಾ." ನಿಂತು ನೋಡುತ್ತಲೇ ಇದ್ದರೆಂದು ಆಗ ತಿಳಿಯಿತು.

ನಾನು ಎದ್ದು ಹೋಗಿ ಬಟ್ಟಲು ಅವರ ಮುಂದೆ ಹಿಡಿದೆ. "ನೀವೇ ಬಿಡಿ ಅತ್ತೆ" ಅಂದೆ.

"ಹಬ್ಬದ ದಿನ ನನ್ನ ಕೈ ಮುಂದಾಗಬಾರದು. ಬೀಗರು ಏನಂದಾರು?"

"ಅವತ್ತು ನಾನು ಕಸ್ಕೊಂಡಿದ್ದು ತಪ್ಪು ಅತ್ತೆ" ಅಂದೆ. ಅದಕ್ಕಿಂತ ಹೆಚ್ಚು ಮಾತು ಬರಲಿಲ್ಲ. ಅಷ್ಟರಲ್ಲಿ ಮಗಳು ಎದ್ದು ಬಂದವಳು, "ಅಜ್ಜಿ, ನಂಗೆ ಕಲಿಸಿದ್ದು ನೀವೇ ಅಲ್ವಾ, ಬನ್ನಿ" ಎಂದು ಅವರ ಕೈ ಹಿಡಿದು ಹೊಸ್ತಿಲು ದಾಟಿಸಿದಳು.

ಮೊದಲ ಸಾಲಿಗೆ ಅವರ ಬೆರಳು ನಡುಗಿತು. ಆಮೇಲೆ ನಡುಗಲಿಲ್ಲ. ಬೀಗಿತ್ತಿಯವರು ಎದ್ದು ಬಂದು ಬಾಗಿಲಲ್ಲಿ ನಿಂತರು. ನನ್ನೆದೆ ಡವಡವ ಅನ್ನುತ್ತಿತ್ತು. ಅವರು ಸ್ವಲ್ಪ ಹೊತ್ತು ನೋಡಿ, ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ಕೂತು, "ಇದು ಎಷ್ಟು ಚುಕ್ಕೀದಮ್ಮಾ?" ಅಂದರು.

ಬೀದಿಯಲ್ಲಿ ಒಬ್ಬಿಬ್ಬರು ಏನೋ ಅಂದುಕೊಂಡದ್ದು ಉಂಟು. ಅನ್ನಲಿ. ಅವತ್ತು ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಅತ್ತೆ ಜಗಲಿ ಮೇಲೆ ಕೂತೇ ನೋಡಿದರು. ಗೋಡೆಗೆ ಬಣ್ಣ ಹೊಡೆಸಿಲ್ಲವೆಂದು ಬೀಗರು ಯಾರೂ ಕೇಳಲಿಲ್ಲ.

ಈ ವರ್ಷ ಸುಣ್ಣ ಆಗಲೇ ನೆನೆಹಾಕಿದ್ದೇನೆ. ರಂಗೋಲಿ ಬಟ್ಟಲು ಅತ್ತೆಯ ಗೂಡಿನಲ್ಲಿದೆ. ನಿಮ್ಮ ಮನೆಯಲ್ಲೂ ಹಬ್ಬದ ದಿನ ಒಳಗೇ ಉಳಿಯುವ ಕೈಯೊಂದಿದ್ದರೆ, ತೋರಣ ಕಟ್ಟುವ ಮುಂಚೆ ಅವರನ್ನು ಹೊರಗೆ ಕರೆಯಿರಿ. ಇದಕ್ಕೆ ಬಿಡಿಕಾಸಿನ ಖರ್ಚೂ ಇಲ್ಲ.