ತೊರವಿ: ಮೊದಲು ನೀರು, ಆಮೇಲೆ ಸಂಗೀತ

ವಿಜಯಪುರಕ್ಕೆ ಬರುವ ಪ್ರವಾಸಿಗರ ದಿನ ಹೆಚ್ಚುಕಡಿಮೆ ಒಂದೇ ತೆರನಾಗಿ ಕಳೆಯುತ್ತದೆ. ಬೆಳಿಗ್ಗೆ ಗೋಳಗುಮ್ಮಟ ಹತ್ತಿ ಪಿಸುಗುಟ್ಟುವ ಗ್ಯಾಲರಿಯಲ್ಲಿ ಮನಸಾರೆ ಕಿರುಚುವುದು, ಬಿಸಿಲೇರುವುದರೊಳಗೆ ಬಾರಾಕಮಾನು ಮತ್ತು ಮಲಿಕ್-ಎ-ಮೈದಾನ್ ತೋಪು, ಊಟವಾದ ಮೇಲೆ ಇಬ್ರಾಹಿಂ ರೋಜಾ, ಸಂಜೆಗೆ ಬಸ್ಸು. ಇಬ್ರಾಹಿಂ ರೋಜಾದವರೆಗೆ ಬಂದವರು ಅಥಣಿ ರಸ್ತೆ ಹಿಡಿದು ಇನ್ನು ಐದಾರು ಕಿಲೋಮೀಟರ್ ಪಶ್ಚಿಮಕ್ಕೆ ಹೋದರೆ ತೊರವಿ ಸಿಗುತ್ತದೆ. ಆ ಐದಾರು ಕಿಲೋಮೀಟರ್ ಹೋಗುವವರು ಕಡಿಮೆ. ಹೋಗುವವರಲ್ಲೂ ಹೆಚ್ಚಿನವರು ಲಕ್ಷ್ಮೀ ನರಸಿಂಹನಿಗೆ ಕಾಯಿ ಒಡೆಸಲು ಬಂದ ಭಕ್ತರೇ ಹೊರತು ಕ್ಯಾಮೆರಾ ಹಿಡಿದವರಲ್ಲ.

ರೋಜಾದಲ್ಲಿ ಮಲಗಿರುವ ದೊರೆ ಬದುಕಬೇಕೆಂದು ಆರಿಸಿಕೊಂಡ ಜಾಗ ಮಾತ್ರ ಇದೇ ತೊರವಿ. ಅವನ ಸಮಾಧಿಯನ್ನು ಜಗತ್ತೇ ನೋಡುತ್ತದೆ, ಅವನು ಹಾಡಿದ ಜಾಗವನ್ನು ಯಾರೂ ನೋಡುವುದಿಲ್ಲ ಎಂಬುದು ನನಗೆ ಯಾವತ್ತೂ ವಿಚಿತ್ರವಾಗಿ ಕಂಡಿದೆ.

ಅಥಣಿ ರಸ್ತೆಯೇನೂ ಕಣ್ಣಿಗೆ ತಂಪು ಕೊಡುವ ರಸ್ತೆಯಲ್ಲ. ಊರ ಅಂಚಿನ ಗ್ಯಾರೇಜುಗಳು, ಪ್ಲಾಟಿನ ಬೋರ್ಡುಗಳು, ಜನರನ್ನು ತುಂಬಿಕೊಂಡು ವಾಲಾಡುತ್ತ ಹೋಗುವ ಟಂಟಂಗಳು, ಆಮೇಲೆ ಇದ್ದಕ್ಕಿದ್ದಂತೆ ಬಯಲು. ದಾರಿಯಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಜ್ಞಾನಶಕ್ತಿ ಆವರಣವಿದೆ. 2003ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದಿಂದಾಗಿ ತೊರವಿಯ ಹೆಸರು ಇವತ್ತು ರಾಜ್ಯದ ಹುಡುಗಿಯರ ಅರ್ಜಿ, ಅಂಕಪಟ್ಟಿಗಳಲ್ಲಿ ಓಡಾಡುತ್ತಿದೆ. ಅದಕ್ಕೂ ಐನೂರು ವರ್ಷ ಮೊದಲು ಈ ಹೆಸರನ್ನು ಕನ್ನಡ ನಾಡಿನ ತುಂಬ ಓಡಾಡಿಸಿದವನು ಒಬ್ಬ ಕವಿ.

ಅವನ ಹೆಸರು ನರಹರಿ. ಕುಮಾರವಾಲ್ಮೀಕಿ ಎಂದೇ ಪ್ರಸಿದ್ಧ. ಕ್ರಿ.ಶ. 1500ರ ಸುಮಾರಿನಲ್ಲಿ ಈ ಊರಿನ ನರಸಿಂಹನ ಅಂಕಿತದಲ್ಲಿ ರಾಮಾಯಣವನ್ನು ಭಾಮಿನಿ ಷಟ್ಪದಿಗೆ ಇಳಿಸಿದ. ಐದು ಸಾವಿರದಷ್ಟು ಪದ್ಯ, ಅದರಲ್ಲೂ ಯುದ್ಧಕಾಂಡದ್ದೇ ದೊಡ್ಡ ಪಾಲು. ಗದುಗಿನ ವೀರನಾರಾಯಣನ ಎದುರು ಕುಮಾರವ್ಯಾಸ ಹೇಳಿದ ಭಾರತಕ್ಕೆ ಗದುಗಿನ ಭಾರತ ಎಂಬ ಹೆಸರು ನಿಂತ ಹಾಗೆ ಇದಕ್ಕೆ ತೊರವೆ ರಾಮಾಯಣ ಎಂಬ ಹೆಸರು ನಿಂತಿತು. ಮಲೆನಾಡಿನ ಮನೆಗಳ ಜಗಲಿಯಲ್ಲಿ ಗಮಕಿಗಳು ಇದನ್ನು ವಾಚಿಸಿದರು. ಕಾಸರಗೋಡು ಸೀಮೆಯ ಕುಂಬಳೆಯ ಪಾರ್ತಿಸುಬ್ಬ ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಕಟ್ಟುವಾಗ ಕೈಗೆತ್ತಿಕೊಂಡದ್ದೂ ಇದನ್ನೇ ಎನ್ನುತ್ತಾರೆ ವಿದ್ವಾಂಸರು. ಜೋಳದ ಹೊಲದ ನಡುವಿನ ಬಿಸಿಲೂರಿನ ರಾವಣ ಕರಾವಳಿಯ ಮಳೆಯೂರುಗಳಲ್ಲಿ ಕಿರೀಟ ಕಟ್ಟಿ ಕುಣಿದದ್ದು ಹೀಗೆ.

ನರಸಿಂಹನ ಗುಡಿ ನೆಲಮಟ್ಟಕ್ಕಿಂತ ಕೆಳಗಿದೆ. ದೊಡ್ಡ ಗೋಪುರ, ಸಾಲುಕಂಬದ ಮಂಟಪಗಳನ್ನು ನಿರೀಕ್ಷಿಸಿ ಬಂದವರಿಗೆ ನಿರಾಸೆಯಾದೀತು. ಇಲ್ಲಿ ದೇವರು ಕಾಣಬೇಕಾದರೆ ತಲೆ ತಗ್ಗಿಸಿ ಇಳಿಯಬೇಕು. ಹೊರಗೆ ಕಾದ ಕಲ್ಲಿನ ಮೇಲೆ ಹೆಜ್ಜೆ ಕಿತ್ತಿಡುತ್ತ ಬಂದ ಕಾಲಿಗೆ ಒಳಗಿನ ತಂಪು ತಟ್ಟುತ್ತದೆ. ಎಣ್ಣೆದೀಪದ ಜಿಡ್ಡು, ಕಾಯಿನೀರು, ಕರ್ಪೂರ ಎಲ್ಲ ಕೂಡಿದ ವಾಸನೆ. ಹಿಂದಿದ್ದವರು ಬೆನ್ನಿಗೆ ಕೈಯಿಟ್ಟು, “ಬಗ್ಗ್ರಿ, ಇನ್ನಷ್ಟು ಬಗ್ಗ್ರಿ” ಎನ್ನುತ್ತಿರುತ್ತಾರೆ. ಕವಿಯ ಮನೆ ಎಲ್ಲಿತ್ತು ಎಂದು ಊರಲ್ಲಿ ಕೇಳಿದರೆ ಬೊಟ್ಟುಮಾಡಿ ತೋರಿಸುವವರಿಲ್ಲ. ಕೇಳಿದವರಿಗೆಲ್ಲ ಇದೇ ಗುಡಿಯ ದಾರಿ ತೋರಿಸುತ್ತಾರೆ, ಅದೂ ಸರಿಯೇ.

ಇಂಗ್ಲೆಂಡಿಗೆ ಹೋಗಿಬಂದ ನಮ್ಮವರು ಅಲ್ಲಿನ ಹಳ್ಳಿಗಳನ್ನು ಹಾಡಿ ಹೊಗಳುವುದುಂಟು. ಯಾರ್ಕ್‌ಷೈರಿನ ಹಾವರ್ಥ್ ಎಂಬ ಹಳ್ಳಿಯಲ್ಲಿ ಬ್ರಾಂಟೆ ಸೋದರಿಯರು ಬಾಳಿದ ಪಾದ್ರಿಮನೆ 1928ರಿಂದ ವಸ್ತುಸಂಗ್ರಹಾಲಯವಾಗಿದೆ. ಆ ಊರಿಗೆ ಊರೇ ಮೂವರು ಲೇಖಕಿಯರ ಹೆಸರಿನಲ್ಲಿ ಚಹಾ ಮಾರಿ ಬದುಕುತ್ತದೆ. ತೊರವಿಗೆ ಅಂಥ ಭಾಗ್ಯವಿಲ್ಲ. ಚಹಾ ಸಿಗುತ್ತದೆ, ಅದಕ್ಕೂ ಕವಿಗೂ ಸಂಬಂಧವಿಲ್ಲ. ನನಗೆ ಇದರಿಂದ ಅಂಥ ಬೇಸರವೇನೂ ಇಲ್ಲ. ಕುಮಾರವಾಲ್ಮೀಕಿಯ ಮುಖ ಅಚ್ಚು ಹಾಕಿದ ಕಪ್ಪು-ಬಸಿಗಳನ್ನು ಊಹಿಸಿಕೊಂಡರೇ ನಗು ಬರುತ್ತದೆ. ಆದರೆ ಹಾವರ್ಥ್‌ಗೆ ಹೋದವನಿಗೆ ಒಂದು ಹಳ್ಳಿಯನ್ನು ಯಾವ ಕ್ರಮದಲ್ಲಿ ನೋಡಬೇಕು ಎಂದು ತಿಳಿಸುವ ಏರ್ಪಾಡಿದೆ. ತೊರವಿಯಲ್ಲಿ ಆ ಕ್ರಮವನ್ನು ನಾವೇ ಮಾಡಿಕೊಳ್ಳಬೇಕು.

ನನ್ನ ಕ್ರಮ ನೀರಿನಿಂದ ಶುರುವಾಗುತ್ತದೆ. ತೊರವಿಯ ಕಡೆಯ ನೆಲ ವಿಜಯಪುರಕ್ಕಿಂತ ಎತ್ತರ. ಇದನ್ನು ಗಮನಿಸಿದವನು ಒಂದನೆಯ ಅಲಿ ಆದಿಲ್‌ಶಾಹ. 1557ರಿಂದ 1580ರವರೆಗೆ ಆಳಿದ ಈತನ ಕಾಲದಲ್ಲಿ ನಗರ ಬೆಳೆಯಿತು, ಕೋಟೆ ಬೆಳೆಯಿತು, ಕುಡಿಯುವ ಬಾಯಿಗಳೂ ಬೆಳೆದವು. ಬಾವಿಗಳಷ್ಟನ್ನೇ ನಂಬಿದರೆ ಸಾಲದು ಎಂದು ತೊರವಿಯ ಕಡೆಯ ನೀರನ್ನು ನೆಲದೊಳಗೆ ಸುರಂಗ ಕೊರೆದು ನಗರಕ್ಕೆ ತಂದರು. ಪರ್ಶಿಯಾದ ಕರೇಜ್ ಪದ್ಧತಿ ಇದು. ಮೇಲಿಂದ ಅಲ್ಲಲ್ಲಿ ಬಾವಿಯಂತೆ ತೋಡಿ ಕೆಳಗೆ ಒಂದನ್ನೊಂದು ಸುರಂಗದಿಂದ ಕೂಡಿಸುತ್ತ ಹೋಗುವುದು. ಆ ತೋಡುಗಳಿಂದಲೇ ಕೊರೆಯುವಾಗ ಮಣ್ಣು ಮೇಲಕ್ಕೆ ಬರುತ್ತದೆ, ಒಳಗಿನ ಆಳುಗಳಿಗೆ ಗಾಳಿ ಹೋಗುತ್ತದೆ, ಮುಂದೆ ಹೂಳು ತೆಗೆಯಲು ಇಳಿಯುವ ದಾರಿಯೂ ಅದೇ. ಎತ್ತಿನ ಮಟ್ಟೆ ಬೇಡ, ಹಗ್ಗ ಬೇಡ. ಇಳಿಜಾರೇ ನೀರನ್ನು ನಡೆಸಿಕೊಂಡು ಹೋಗುತ್ತದೆ. ನೆಲದೊಳಗೆ ಹರಿಯುವುದರಿಂದ ವಿಜಯಪುರದ ಬಿಸಿಲು ಅದನ್ನು ಕುಡಿಯುವಂತಿಲ್ಲ, ಶತ್ರುವಿಗೂ ಅದು ಸುಲಭಕ್ಕೆ ಕಾಣುವುದಿಲ್ಲ. ನಗರದೊಳಗೆ ಬಂದ ಮೇಲೆ ಗಂಜ್ ಎಂದು ಕರೆಯುವ ಕಲ್ಲಿನ ಗೋಪುರಗಳು ನೀರಿನ ಒತ್ತಡ ತಗ್ಗಿಸಿ ಮುಂದಕ್ಕೆ ಹಂಚುತ್ತಿದ್ದವು. ಆ ಗಂಜ್‌ಗಳಲ್ಲಿ ಕೆಲವು ಇವತ್ತಿಗೂ ಓಣಿಗಳ ನಡುವೆ ನಿಂತಿವೆ. ಅವು ಏನೆಂದು ಗೊತ್ತಿಲ್ಲದವರು ಕಾವಲುಗೋಪುರ ಎಂದುಕೊಂಡು ಹೋಗುತ್ತಾರೆ.

ಊರ ಪಶ್ಚಿಮ ಅಂಚಿನ ಸುರಂಗ ಬಾವಡಿ ಈ ಜಾಲದ ಮುಖ್ಯ ಕೊಂಡಿ. ಬಹಳ ಕಾಲ ಹೂಳು ತುಂಬಿ ಮರೆವಿಗೆ ಸಂದಿದ್ದ ಈ ಜಾಲ ದಖ್ಖನ್ ಪ್ರಸ್ಥಭೂಮಿಯ ಐತಿಹಾಸಿಕ ಜಲವ್ಯವಸ್ಥೆಗಳ ಹೆಸರಿನಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ 2020ರ ಕಾಳಜಿ ಪಟ್ಟಿಗೆ ಸೇರಿತು. ಹೊರಗಿನವರು ಬಂದು ಹೇಳಿದ ಮೇಲೆ ನಮ್ಮ ಬಾವಿಗೆ ನಾವು ಇಣುಕುವ ಚಾಳಿ ಹೊಸದೇನಲ್ಲ, ಬಿಡಿ.

ಸಂಗೀತ ಬಂದದ್ದು ಈ ನೀರಿನ ಹಿಂದೆ. ಅಲಿಯ ಅಣ್ಣನೋ ತಮ್ಮನೋ ಒಬ್ಬನ ಮಗ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1580ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಬಾಲಕ. ಬೆಳೆದ ಮೇಲೆ ಅವನಿಗೆ ಹತ್ತಿದ್ದು ಗಾನದ ಹುಚ್ಚು. ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕ ಬರೆದ. ಅದು ತೆರೆದುಕೊಳ್ಳುವುದೇ ಸರಸ್ವತಿಯ ಸ್ತುತಿಯಿಂದ. ಗಣಪತಿಗೂ ಅಲ್ಲಿ ಹಾಡಿದೆ, ಕಲಬುರಗಿಯ ಬಂದೇನವಾಜರಿಗೂ ಹಾಡಿದೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟುಕೊಂಡಿದ್ದ. ಪ್ರಜೆಗಳು ಅವನನ್ನು ಜಗದ್ಗುರು ಎಂದರು. ನವರಸದ ಗುಂಗು ಎಷ್ಟಿತ್ತೆಂದರೆ ಪುಸ್ತಕಕ್ಕೆ, ನಾಣ್ಯಕ್ಕೆ, ಹಬ್ಬಕ್ಕೆ ಅದೇ ಹೆಸರು. ಕೊನೆಗೆ 1599ರಲ್ಲಿ ತೊರವಿಯ ಪಕ್ಕದಲ್ಲಿ ಒಂದು ನಗರವನ್ನೇ ಕಟ್ಟಲು ಹೊರಟು ಅದನ್ನೂ ನವರಸಪುರ ಎಂದ.

ಉಸ್ತುವಾರಿ ನವಾಬ್ ಶಾಹನವಾಜ್ ಖಾನನದು. ಕಲ್ಲುಕುಟಿಗರು, ಗೌಂಡಿಗಳು, ಕೂಲಿಗಳು ಸೇರಿ 20,000 ಮಂದಿ ದುಡಿದರೆಂದು ಹೇಳುತ್ತಾರೆ. ಶ್ರೀಮಂತರು, ವ್ಯಾಪಾರಿಗಳು ಅಲ್ಲಿ ಮನೆ ಕಟ್ಟಿಕೊಳ್ಳಬೇಕೆಂದು ದೊರೆಯ ಅಪ್ಪಣೆಯಾಯಿತು. ಅಕ್ಬರನ ರಾಯಭಾರಿ ಅಸದ್ ಬೇಗ್ ವಿಜಯಪುರಕ್ಕೆ ಬಂದದ್ದು ಇದೇ ಕಾಲದಲ್ಲಿ. ಆಸ್ಥಾನದ ಸಂಗೀತದ ಅಬ್ಬರ ಕಂಡು ಅವನು ಬೆರಗಾದ. ಹೋಗುವಾಗ ವಿಜಯಪುರದ ಪೇಟೆಯಲ್ಲಿ ಕಂಡ ಹೊಸ ಸರಕೊಂದನ್ನು ಅಕ್ಬರನಿಗೆಂದು ಒಯ್ದ; ಅದು ತಂಬಾಕು. ಮೊಗಲ್ ಆಸ್ಥಾನಕ್ಕೆ ನಮ್ಮೂರಿಂದ ಸಂಗೀತಕ್ಕಿಂತ ಮೊದಲು ಹೊಗೆ ಹೋಯಿತು ಎಂದು ಇಲ್ಲಿಯ ಇತಿಹಾಸದ ಮೇಷ್ಟ್ರುಗಳು ತಮಾಷೆ ಮಾಡುತ್ತಾರೆ.

ಆ ನಗರದಲ್ಲಿ ಇವತ್ತು ನೋಡಲು ಉಳಿದಿರುವುದರಲ್ಲಿ ದೊಡ್ಡದು ಸಂಗೀತ ಮಹಲ್. ದಾರಿ ಕೇಳಿದಾಗ ಎಮ್ಮೆ ಹೊಡೆದುಕೊಂಡು ಹೊರಟಿದ್ದ ಅಜ್ಜ, “ಸಂಗೀತ ಮಹಾಲೇನ್ರಿ? ಹಿಂಗ ನೆಟ್ಟಗ ಹೋಗ್ರಿ, ದೊಡ್ಡ ಕಮಾನ ತಾನ ಕಾಣತೈತಿ” ಎಂದ. ನಿಜವೇ, ತಾನೇ ಕಾಣುತ್ತದೆ. ನಗರದ ಕೋಟೆಯೊಳಗಿನ ಗಗನ ಮಹಲನ್ನು ನೋಡಿದವರಿಗೆ ಇದು ಅದರ ತಮ್ಮನಂತೆ ತೋರುತ್ತದೆ: ನಡುವೆ ಅಗಲವಾದ ದೊಡ್ಡ ಕಮಾನು, ಎಡಬಲಕ್ಕೆ ಅಷ್ಟೇ ಎತ್ತರಕ್ಕೆ ಏರುವ ಎರಡು ಸಪೂರ ಕಮಾನುಗಳು. ಸುತ್ತ ಎತ್ತರದ ಗೋಡೆ, ಮುಂದೆ ನೀರಿನ ಹೊಂಡದ ಗುರುತು. ಮಾಳಿಗೆ ಹೋಗಿ ಶತಮಾನಗಳಾದವು. ಗಾರೆ ಉದುರಿದ ಕಡೆ ಒಳಗಿನ ಒಡ್ಡೊಡ್ಡು ಕಲ್ಲು, ಸುಣ್ಣದ ಗಚ್ಚು ಕಾಣುತ್ತದೆ. ಗಾರೆ ಉಳಿದ ಕಡೆ ಕೈಯಾಡಿಸಿದರೆ ಈಗಲೂ ನುಣುಪು. ಆ ಕಮಾನು ಅಷ್ಟು ಅಗಲ ಯಾಕೆ ಎಂದು ತಿಳಿಯಬೇಕಾದರೆ ಒಳಗೆ ವೇದಿಕೆಯ ಜಾಗದಲ್ಲಿ ನಿಲ್ಲಬೇಕು. ಎದುರಿಗೆ ಕಂಬ ಅಡ್ಡ ಬರುವುದಿಲ್ಲ. ಹಾಡುವವನಿಗೆ ಎದುರಿನ ಅಂಗಳ ಪೂರ್ತಿ ಕಾಣುತ್ತದೆ, ಅಂಗಳದಲ್ಲಿ ಕೂತವರಿಗೆ ಹಾಡುವವನು ಪೂರ್ತಿ ಕಾಣುತ್ತಾನೆ. ಪಕ್ಕದ ಕಟ್ಟಡಕ್ಕೆ ನಾರಿ ಮಹಲ್ ಎನ್ನುತ್ತಾರೆ. ಜನರ ಬಾಯಲ್ಲಿ ಎರಡೂ ಕೂಡಿ ಸಂಗೀತ-ನಾರಿ ಮಹಲ್ ಆಗಿದೆ.

ನವರಸಪುರದ ಕೋಟೆಗೋಡೆ ಪೂರ್ತಿಯಾಗಲೇ ಇಲ್ಲ. ರಾಜಧಾನಿಯನ್ನು ಅಲ್ಲಿಗೆ ಸಾಗಿಸಿದರೆ ಕೇಡು ಎಂದು ಜ್ಯೋತಿಷಿಗಳು ಹೆದರಿಸಿದರಂತೆ. ಕಾರಣ ಏನೇ ಇರಲಿ, ಅರ್ಧ ಗೋಡೆಯ ಊರು ಎಷ್ಟು ದಿನ ಬಾಳೀತು? 1624ರಲ್ಲಿ ಭಾತವಾಡಿಯ ಕಾಳಗ ಗೆದ್ದ ಅಹಮದ್‌ನಗರದ ಮಲಿಕ್ ಅಂಬರ್ ವಿಜಯಪುರದ ಮೇಲೆ ಏರಿಬಂದ. ಹಬಶಿ ಗುಲಾಮನಾಗಿ ದಖ್ಖನ್ನಿಗೆ ಬಂದು ರಾಜ್ಯವನ್ನೇ ನಡೆಸಿದ ಗಟ್ಟಿಗ ಅವನು. ವಿಜಯಪುರದ ಕೋಟೆ ಅವನನ್ನು ತಡೆಯಿತು, ನವರಸಪುರಕ್ಕೆ ತಡೆಯಲು ಏನಿತ್ತು? ಕಟ್ಟಲು ಶುರುಮಾಡಿದ ಇಪ್ಪತ್ತೈದು ವರ್ಷಕ್ಕೆ ನಗರ ಸೂರೆಯಾಯಿತು. ತನ್ನ ಕಣ್ಣೆದುರೇ ಅದು ಹಾಳಾದದ್ದನ್ನು ಕಂಡ ಇಬ್ರಾಹಿಂ ಮೂರು ವರ್ಷಕ್ಕೆ, 1627ರಲ್ಲಿ ತೀರಿಕೊಂಡ.

ನೀರಿನ ಕಥೆ ಇಲ್ಲಿಗೂ ಬಿಡುವುದಿಲ್ಲ. 1665ರ ಕೊನೆಗೆ ಮೊಗಲರ ಮಿರ್ಜಾ ರಾಜಾ ಜಯಸಿಂಗ್ ದಂಡೆತ್ತಿ ವಿಜಯಪುರದ ಹತ್ತಿರಕ್ಕೆ ಬಂದ. ಆಗ ಆದಿಲ್‌ಶಾಹಿಗಳು ಮಾಡಿದ ಕೆಲಸವೇನೆಂದರೆ, ಊರ ಸುತ್ತಲಿನ ಬಾವಿಗಳನ್ನು ಮುಚ್ಚಿ, ನವರಸಪುರದ ಕೆರೆಯನ್ನೂ ಶಾಹಪುರದ ಕೆರೆಯನ್ನೂ ಒಡೆದು ಬರಿದು ಮಾಡಿದ್ದು. ಕುಡಿಯಲು ನೀರಿಲ್ಲದೆ ದಂಡು ಎಷ್ಟು ದಿನ ನಿಂತೀತು? 1666ರ ಜನವರಿಯಲ್ಲಿ ಜಯಸಿಂಗ್ ಹಿಂದಿರುಗಿದ. ದೊರೆಯೊಬ್ಬ ರಾಗಕ್ಕೆಂದು ಕಟ್ಟಿಸಿದ ಊರಿನ ಕೆರೆ ಕೊನೆಗೆ ರಾಜಧಾನಿಯನ್ನು ಉಳಿಸಿದ್ದು ಬತ್ತಿ.

ನಗರ ಹೋಯಿತು, ಹಳ್ಳಿ ಉಳಿಯಿತು. ನವರಸಪುರ ಎಂಬ ಹೆಸರು ಈಗ ಹೆಚ್ಚಾಗಿ ಕೇಳುವುದು ಸರ್ಕಾರದ ನವರಸಪುರ ಉತ್ಸವದ ಕರಪತ್ರದಲ್ಲಿ. ಅದೂ ನಡೆದ ವರ್ಷ ನಡೆಯುತ್ತದೆ, ನಡೆಯದ ವರ್ಷ ಇಲ್ಲ. ಇತಿಹಾಸವನ್ನು ಕನ್ನಡದಲ್ಲೇ ಓದಿಕೊಂಡು ಹೋಗಬೇಕೆನ್ನುವವರಿಗೆ ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲ್‌ಶಾಹಿ ಕಾಲದ ಫಾರ್ಸಿ, ದಖನಿ ಕೃತಿಗಳ ಅನುವಾದ ಸಂಪುಟಗಳನ್ನು ಹೊರತಂದಿದೆ. ಉತ್ಸವಕ್ಕಿಂತ ಇದು ದೊಡ್ಡ ಕೆಲಸ ಎಂದು ನಾನು ಎಣಿಸುತ್ತೇನೆ. ಇಂಗ್ಲಿಷಿನಲ್ಲಾದರೆ ಹೆನ್ರಿ ಕಸಿನ್ಸ್ 1916ರಲ್ಲಿ ಪ್ರಕಟಿಸಿದ ವಿಜಯಪುರದ ಕಟ್ಟಡಗಳ ಪುಸ್ತಕ ಇವತ್ತಿಗೂ ಹಳತಾಗಿಲ್ಲ.

ಈ ಭಾಗಕ್ಕೆ ಬಂದವರನ್ನು ಯಾರಾದರೂ “ಸಾಠ ಕಬರ್ ನೋಡಿರೇನು?” ಎಂದು ಕೇಳಿಯೇ ಕೇಳುತ್ತಾರೆ. ಒಂದು ಕಟ್ಟೆಯ ಮೇಲೆ ಸಾಲುಸಾಲಾಗಿ ಅರವತ್ತಕ್ಕೂ ಹೆಚ್ಚು ಒಂದೇ ತೆರನ ಗೋರಿಗಳು. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಅಫ್ಜಲ್ ಖಾನ್ ತಾನು ಮರಳುವುದಿಲ್ಲವೆಂದು ನಂಬಿ ಹೆಂಡಂದಿರನ್ನೆಲ್ಲ ಬಾವಿಗೆ ನೂಕಿಸಿದ ಎಂಬ ಕಥೆ ಅದಕ್ಕೆ ಅಂಟಿದೆ. ಕಥೆಗೆ ಗಟ್ಟಿ ಆಧಾರವಿಲ್ಲ. ಆದರೂ ಜನ ತೊರವಿಯ ಕಮಾನನ್ನು ಬಿಟ್ಟು ಅಲ್ಲಿಗೇ ಓಡುತ್ತಾರೆ. ಕೊಲೆಯ ಕಥೆಗೆ ಇರುವ ಗಿರಾಕಿ ಹಾಡಿನ ಕಥೆಗೆ ಇಲ್ಲ.

ಹೋಗುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ. ಏಪ್ರಿಲ್ ಬಂತೆಂದರೆ ಹನ್ನೊಂದು ಗಂಟೆಗೇ ಮಹಲಿನ ಅಂಗಳದಲ್ಲಿ ನಿಲ್ಲಲಾಗದು. ಬೆಳಿಗ್ಗೆ ಮೊದಲು ನರಸಿಂಹನ ಗುಡಿ, ಅಲ್ಲಿಂದ ಸಂಗೀತ ಮಹಲ್, ಮರಳುವಾಗ ಸುರಂಗ ಬಾವಡಿ. ಹೀಗೆ ನೋಡಿದರೆ ಕವಿ, ದೊರೆ, ನೀರು ಮೂರೂ ಸಿಗುತ್ತವೆ. ಸಮಯ ಮಿಕ್ಕರೆ ಅದೇ ರಸ್ತೆಯಲ್ಲಿ ಮುಂದೆ ತಿಕೋಟಾಕ್ಕೆ ಹೋಗಿಬರಬಹುದು. ಅಲ್ಲಿಂದ ಮುಂದಕ್ಕೆ ದ್ರಾಕ್ಷಿ ತೋಟಗಳ ಸೀಮೆ. ಬರಗಾಲದ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿ ಉಳಿಸಿಕೊಂಡ ರೈತರು ಇಲ್ಲಿಯವರು. ಈಗ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಗೆ ಬರುತ್ತಿದೆ. ಅಲಿ ಆದಿಲ್‌ಶಾಹನ ನೀರು ಇಳಿಜಾರಿನಲ್ಲಿ ತಾನೇ ಹರಿಯಿತು, ಇದನ್ನು ಮೋಟಾರು ಹಚ್ಚಿ ಮೇಲೆತ್ತಬೇಕು. ಮಾರ್ಚಿನ ಹೊತ್ತಿಗೆ ಹೋದರೆ ಶೆಡ್ಡುಗಳಲ್ಲಿ ಬಲೆಯ ಅಂತಸ್ತುಗಳ ಮೇಲೆ ಹಸಿರು ದ್ರಾಕ್ಷಿ ಒಣಗುತ್ತಿರುತ್ತದೆ. ಪೇಟೆಗಿಂತ ಅಗ್ಗಕ್ಕೆ, ಕೈಯಲ್ಲಿ ಹಿಡಿದು ನೋಡಿ ಒಣದ್ರಾಕ್ಷಿ ತರಬಹುದು. ಚೌಕಾಸಿ ಮಾಡುವ ಮೊದಲು ತೋಟದವರು ಕೊಡುವ ಚಹಾ ಕುಡಿಯಿರಿ, ಒಲ್ಲೆ ಎಂದರೆ ಬಿಡುವವರಲ್ಲ.