ದಂಟಿನೊಳಗಣ ಕಣಜ

ಪಟ್ಟಣವಾಸಿಗಳಾದ ನಾವು ಜೋಳವೆಂದರೆ ರೊಟ್ಟಿಯ ಕಾಳೆಂದಷ್ಟೇ ಭಾವಿಸುತ್ತೇವೆ. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಎರೆಯ ಹೊಲದ ರೈತನಿಗಾದರೋ ಅದು ಎರಡು ಬೆಳೆ: ತೆನೆ ಮನೆಯವರಿಗೆ, ಸೊಪ್ಪೆ ದನಗಳಿಗೆ. ಈ ಎರಡರ ನಡುವೆ ಗುಟ್ಟಾದ ಒಂದು ಲೇವಾದೇವಿಯುಂಟು. ಅದನ್ನು ಕುರಿತು ವಿಚಾರಿಸೋಣ.

ಎಲೆಗಳು ಬಿಸಿಲಿನ ಬಲದಿಂದ ಸಕ್ಕರೆಯನ್ನು ಸಿದ್ಧಪಡಿಸುವುವಷ್ಟೆ. ಹೂ ಬಿಡುವ ಕಾಲದ ಹಿಂದುಮುಂದಿನ ದಿನಗಳಲ್ಲಿ ಈ ಉತ್ಪತ್ತಿಯು ಗಿಡದ ವೆಚ್ಚವನ್ನು ಮೀರುತ್ತದೆ. ಮಿಕ್ಕುದು ದಂಟಿನಲ್ಲಿ ಶೇಖರವಾಗುತ್ತದೆ. ಗೋದಿಯಲ್ಲಿ ಮುಖ್ಯವಾಗಿ ಫ್ರಕ್ಟಾನ್ ಎಂಬ ರೂಪದಲ್ಲಿ, ಜೋಳದಲ್ಲಿ ಕಬ್ಬಿನಲ್ಲಿರುವಂತೆ ಸುಕ್ರೋಸಿನ ರೂಪದಲ್ಲಿ. ಬಲಿತ ಜೋಳದ ದಂಟನ್ನು ಅಗಿದವರು ಆ ಸಿಹಿಯನ್ನು ಬಲ್ಲರು.

ಹಿಂಗಾರಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತುತ್ತಾರೆ. ಆ ಬಳಿಕ ಮಳೆ ಅಪರೂಪ. ಎರೆಮಣ್ಣು ಹಿಡಿದಿಟ್ಟ ತೇವವೇ ಗತಿ. ಕೂಡ್ಲಿಗಿ, ಕೊಟ್ಟೂರುಗಳಲ್ಲಿ ಹೆಚ್ಚಾಗಿರುವ ಮಸಾರಿ ನೆಲಕ್ಕೆ ಅಷ್ಟು ತೇವವನ್ನು ಕಾದಿಡುವ ಶಕ್ತಿಯಿಲ್ಲ. ಕಾಳು ಹಾಲುಗಟ್ಟುವ ಹೊತ್ತಿಗೆ ಎರೆಯಲ್ಲೂ ತೇವವಿಳಿದು ಎಲೆಗಳು ಸೊರಗಿದರೆ, ದಂಟು ತನ್ನ ಕಣಜವನ್ನು ತೆರೆದು ಸಕ್ಕರೆಯನ್ನು ತೆನೆಗೆ ಕಳುಹಿಸುತ್ತದೆ. ಗೋದಿಯಲ್ಲಿ ನೀರು ಸಾಕಷ್ಟಿರುವಾಗ ಕಾಳಿನ ತೂಕದ ಹತ್ತರಲ್ಲಿ ಒಂದೆರಡು ಪಾಲು ಈ ಶೇಖರಣೆಯಿಂದ ಬರುವುದು. ಬರದಲ್ಲಿ ಅದು ಅರ್ಧದವರೆಗೂ ಏರಬಹುದು.

ಆದರೆ ಈ ಉಪಕಾರಕ್ಕೆ ಬೆಲೆಯುಂಟು. ಸಕ್ಕರೆಯನ್ನು ಕಳೆದುಕೊಂಡ ದಂಟು ತನ್ನನ್ನು ಕಾಪಾಡಿಕೊಳ್ಳಲಾರದು. ಮಣ್ಣಿನಲ್ಲಿ ಹೊಂಚುತ್ತಿರುವ ಮ್ಯಾಕ್ರೋಫೋಮಿನ ಎಂಬ ಶಿಲೀಂಧ್ರವು ಬೇರಿನಿಂದ ಮೇಲೇರಿ ಒಳದಿಂಡನ್ನು ನಾರುನಾರಾಗಿಸಿ ಇದ್ದಿಲಿನಂತೆ ಕಪ್ಪಾಗಿಸುತ್ತದೆ. ಇದೇ ಇದ್ದಿಲು ಕೊಳೆರೋಗ. ಗಾಳಿ ಬೀಸಿದರೆ ಪೈರು ನೆಲಕ್ಕೊರಗಿ, ಕಾಳೂ ಮೇವೂ ಒಟ್ಟಿಗೆ ಕೆಡುತ್ತವೆ. ದೊಡ್ಡ ತೆನೆ ಹೊತ್ತ ಗಿಡಕ್ಕೇ ಈ ಅಪಾಯ ಹೆಚ್ಚು. ಕೇಳುವ ಬಾಯಿಗಳು ಅಲ್ಲಿ ಹೆಚ್ಚಲ್ಲವೆ?

ಆದುದರಿಂದ ತೆನೆಯ ತೂಕವೊಂದನ್ನೇ ನೋಡಿ ತಳಿಯನ್ನು ಆರಿಸುವುದು ವಿವೇಕವಲ್ಲ. ಬರದಲ್ಲೂ ಕೊನೆಯವರೆಗೆ ಎಲೆ ಹಸುರಾಗಿ ಉಳಿಯುವ ತಳಿಗಳಲ್ಲಿ ದಂಟು ಪೂರ್ತಿ ಬರಿದಾಗದು. ಇಥಿಯೋಪಿಯ ಮೂಲದ ಜೋಳಗಳಿಂದ ಈ ಗುಣವನ್ನು ತಳಿವಿಜ್ಞಾನಿಗಳು ಪಡೆದಿದ್ದಾರೆ. ಮಹಾರಾಷ್ಟ್ರದ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದ ಎಂ. 35-1, ಅಂದರೆ ಮಾಲ್ದಂಡಿ, ಕಾಳಿಗೂ ಮೇವಿಗೂ ಒದಗುವುದರಿಂದಲೇ ಇಷ್ಟು ಕಾಲ ರೈತರ ಕೈಬಿಟ್ಟಿಲ್ಲ. ಇದರೊಡನೆ ಬದು ಹಾಕಿ ತೇವವನ್ನು ಉಳಿಸಿದರೆ, ಕಣಜಕ್ಕೆ ಕೈಹಾಕಬೇಕಾದ ದಿನವು ಅಷ್ಟು ಹಿಂದಕ್ಕೆ ಸರಿಯುತ್ತದೆ.

ಬರಗಾಲದಲ್ಲಿ ಮೊದಲು ಸಂತೆಗೆ ಹೋಗುವುದು ಮೇವಿಲ್ಲದ ಎತ್ತು. ಎತ್ತಿಲ್ಲದವನ ಮರುವರ್ಷದ ಬಿತ್ತನೆಯೂ ಕಷ್ಟವೇ. ದಂಟಿನಲ್ಲಿ ಉಳಿದ ಹಿಡಿ ಸಕ್ಕರೆಗೆ ಇಷ್ಟೊಂದು ಅರ್ಥವುಂಟು.